ಚರಿಗೆಯ ತಳದ ಅನ್ನ

ಶರಾವತಿ ಸೇತುವೆಯ ನಟ್ಟನಡುವೆ ಗೂಡ್ಸ್ ರಿಕ್ಷಾ ಕೈಕೊಟ್ಟಾಗ ಅದರ ಬೆನ್ನ ಮೇಲೆ ತೊಂಬತ್ತು ಜನರ ಊಟವಿತ್ತು. ಶ್ರೀಧರ ಇಳಿದು ಇಂಜಿನ್ ಮುಟ್ಟಿ ಕೈ ಸುಟ್ಟುಕೊಂಡ. ಅವನ ತಾಯಿ ಮೂಕಾಂಬಿಕಾ ಮಾತ್ರ ಅಲುಗಾಡದೆ, ಹಂಡೆಯಷ್ಟು ದೊಡ್ಡ ಅನ್ನದ ಚರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿಂದೆ ಕೂತಿದ್ದಳು.

"ಆಯಿ, ಇವತ್ತು ಭಟ್ಕಳ ಆಗ್ತಿಲ್ಲೆ. ಹೊನ್ನಾವರದಲ್ಲೇ ಬಡಿಸಿ ಮನಿಗೆ ಹೋಪ."

"ಹೊನ್ನಾವರಕ್ಕೆ ಗುರುವಾರ. ಇವತ್ತು ಶನಿವಾರ."

"ಹಸಿವೆಗೆ ವಾರ ಗೊತ್ತಿದ್ದಾ?"

"ಕಾಯ್ತಾ ಇಪ್ಪವಕ್ಕೆ ಗೊತ್ತಿದ್ದು," ಎಂದಳು ಮೂಕಾಂಬಿಕಾ. ಆ ದನಿಯ ಮುಂದೆ ವಾದ ಮಾಡಿ ಗೆದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಬೇರೊಂದು ಟೆಂಪೋ ಹಿಡಿದು, ಪಾತ್ರೆಗಳನ್ನೆಲ್ಲ ಅದಕ್ಕೆ ಏರಿಸಿ ಭಟ್ಕಳದ ಬಸ್ ಸ್ಟ್ಯಾಂಡ್ ಮುಟ್ಟಿದಾಗ ಮೂರು ಗಂಟೆ. ಹದಿನೈದು ಜನ ಉಳಿದಿದ್ದರು. ಮಿಕ್ಕವರು ಕಾದು ಕಾದು, ನೀರು ಕುಡಿದು ಎದ್ದುಹೋಗಿದ್ದರು. ಮಲ್ಲಿಗೆ ಮಾರುವ ತಿಮ್ಮಿ ಮಾತ್ರ ಬುಟ್ಟಿಯ ಪಕ್ಕದಲ್ಲಿ ತಟ್ಟೆ ಹಿಡಿದು ಕೂತೇ ಇದ್ದಳು. ಹೆಬಳೆಯಿಂದ ದಿನಾ ಹೂ ತಂದು ಮಾರುವ ಹೆಂಗಸು, ಕೂದಲು ನೆರೆದರೂ ಮಾತು ನೆರೆದಿಲ್ಲ.

"ನೀವು ಬಂದೇ ಬತ್ರಿ ಅಂತ ಗೊತ್ತಿತ್ತು ಅಮ್ಮ," ಎಂದಳು.

ನಾಲ್ಕು ವರ್ಷದಿಂದ ಹೀಗೆ. ಸೋಮವಾರ ಕುಮಟೆ, ಗುರುವಾರ ಹೊನ್ನಾವರ, ಶನಿವಾರ ಭಟ್ಕಳ. ಬಸ್ ಸ್ಟ್ಯಾಂಡಿನ ಅನಾಥರು, ಆಸ್ಪತ್ರೆಯಲ್ಲಿ ರೋಗಿಯ ಕಾಲ ಬುಡದಲ್ಲಿ ಕೂತ ಬಡ ನೆಂಟರು, ಹೆದ್ದಾರಿ ಕೆಲಸಕ್ಕೆ ಬಂದು ಕೂಲಿ ಸಿಗದ ಪರದೇಶಿಗಳು. ಅನ್ನ, ಸೌತೆಕಾಯಿ ಹುಳಿ, ಒಂದು ಪಲ್ಯ, ಮಜ್ಜಿಗೆ. ಭಾನುವಾರ ಬಿಟ್ಟು ಉಳಿದ ಮೂರು ದಿನ ಅದೇ ರಿಕ್ಷಾದಲ್ಲಿ ಶ್ರೀಧರ ಕುಮಟೆಯ ಅಂಗಡಿಗಳಿಗೆ ಸಾಮಾನು ಹೊಡೆಯುತ್ತಿದ್ದ. ಹೊಳನಗದ್ದೆ ರಸ್ತೆಯ ಬಾಡಿಗೆ ಮನೆ ನಡೆಯುತ್ತಿದ್ದದ್ದು ಆ ಮೂರು ದಿನದ ದುಡಿಮೆಯಿಂದ ಮತ್ತು ಅವನ ಹೆಂಡತಿ ವಿಭಾಳ ಮಾಸ್ತರಿಕೆಯಿಂದ. ಅದೂ ಖಾಸಗಿ ಶಾಲೆಯ ಮಾಸ್ತರಿಕೆ. ಹೆಸರು ದೊಡ್ಡದು, ಸಂಬಳ ಸಣ್ಣದು.

ಆ ಸಂಜೆ ಉಳಿದ ಅನ್ನಕ್ಕೆ ನೀರು ಹಾಕುತ್ತ ವಿಭಾ ಕೇಳಿಯೇಬಿಟ್ಟಳು.

"ಅತ್ತೆ, ಕುಮಟೆಯಲ್ಲಿ ಹಸಿದವು ಕಮ್ಮಿ ಇದ್ವಾ? ಅಷ್ಟು ದೂರ ಭಟ್ಕಳಕ್ಕೆ ಹೋಪದು ಎಂತಕ್ಕೆ?"

"ಅಲ್ಲೂ ಹೊಟ್ಟೆ ಇದ್ದು."

"ನಮಗೂ ಇದ್ದು. ಇಂಜಿನ್ ಕೆಲಸಕ್ಕೆ ಗ್ಯಾರೇಜಿನವ ಮೂವತ್ತು ಸಾವಿರ ಹೇಳಿದ್ದ. ಮೂವತ್ತು ಹಾಕಿರೂ ಆರು ತಿಂಗಳು ಬಪ್ಪದು ಗ್ಯಾರಂಟಿ ಇಲ್ಲೆ ಹೇಳ್ದ."

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಶ್ರೀಧರ ಗೊಣಗಿದ. ತಾಯಿ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡಿದ್ದೇನೆಂದು ತೋರಿಸಲು ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಮನೆಯವರ ಸಿಟ್ಟಿಗೆ ಇನ್ನೂ ಒಂದು ಕಾರಣವಿತ್ತು. ಸಾಲು ಎಷ್ಟೇ ಉದ್ದವಿರಲಿ, ಎಷ್ಟೇ ಜನ ಮತ್ತೊಮ್ಮೆ ಕೇಳಲಿ, ಮೂಕಾಂಬಿಕಾ ಚರಿಗೆಯ ತಳದಲ್ಲಿ ಒಬ್ಬರಿಗಾಗುವಷ್ಟು ಅನ್ನ ಬಿಟ್ಟೇ ಬಿಡುತ್ತಿದ್ದಳು. ಅದನ್ನು ಮನೆಗೆ ತಂದು ತಾನೇ ಉಣ್ಣುತ್ತಿದ್ದಳು, ಆಚೀಚೆ ಯಾರೂ ಇಲ್ಲದಾಗ. ಕೇಳಿದರೆ, "ಪಾತ್ರೆ ತಳ ಕಾಣುಲಾಗ," ಎಂಬ ಒಂದೇ ಉತ್ತರ. ಅನ್ನ ಸಾಲದೆ ಬಂದಾಗ ವಿಭಾ ಒಂದು ನಿಯಮ ಮಾಡಿದ್ದಳು: ಒಬ್ಬರಿಗೆ ಒಂದೇ ತಟ್ಟೆ. ಅದಕ್ಕೆ ಮೊದಲು ತಿಮ್ಮಿ ಪ್ರತಿ ಶನಿವಾರ ಎರಡು ತಟ್ಟೆ ಒಯ್ಯುತ್ತಿದ್ದಳು. ನಿಯಮ ಬಂದ ಮೇಲೂ ಕೆಲವು ತಿಂಗಳು ಎರಡಕ್ಕಾಗಿ ಜಗಳವಾಡಿದಳು. ಕಳೆದ ಮಳೆಗಾಲದಿಂದ ಮಾತ್ರ ತಂತಾನೇ ಒಂದಕ್ಕೆ ಇಳಿದಿದ್ದಳು. "ನಿಯಮ ಹೇಳಿರೆ ಹಿಂಗೆ, ತಿಮ್ಮಿಯಂತಾ ತಿಮ್ಮಿಯೂ ಸರಿ ಆತು," ಎಂದು ವಿಭಾ ಹೆಮ್ಮೆಪಟ್ಟುಕೊಂಡಿದ್ದಳು.

ಇಂಜಿನ್ನಿಗಾಗಿ ಯಾರದಾದರೂ ಸಹಾಯ ಕೇಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಕೈಬರಹ ಚೆನ್ನಾಗಿರುವ ವಿಭಾಳೇ ಮನವಿ ಪತ್ರ ಬರೆಯಲು ಕೂತಳು.

"ಅತ್ತೆ, ಈ ಸೇವೆ ಎಂತಕ್ಕೆ ಶುರು ಮಾಡಿದ್ದು ಹೇಳಿ ಬರೀಲಿ?"

"ಹಸಿದವಕ್ಕೆ ಅನ್ನ ಹಾಕುಲೆ ಕಾರಣ ಬರ್ದು ಕೊಡವಾ?"

"ಕೊಡವು. ಕಾರಣ ಇಲ್ದೆ ಯಾರೂ ದುಡ್ಡು ಕೊಡ್ತ್ವಿಲ್ಲೆ."

"ಹಂಗಾರೆ ನೀನೇ ಎಂತಾರೂ ಒಂದು ಬರಿ."

ವಿಭಾ ಬರೆದಳು: 'ಪ್ರಸಿದ್ಧ ಪಾಕಪ್ರವೀಣ ಮಹಾಗಣಪತಿ ಭಟ್ಟರ ಕುಟುಂಬದವರಾದ ನಾವು...' ಅಷ್ಟಕ್ಕೇ ಮೂಕಾಂಬಿಕಾ ಆ ಸಾಲಿನ ಮೇಲೆ ಬೆರಳಿಟ್ಟು, "ಅವ್ರ ಹೆಸರು ಬೇಡ," ಎಂದಳು.

ಮಹಾಗಣಪತಿ ಭಟ್ಟರು ಅವಳ ಗಂಡ. ಮೂರೂ ತಾಲೂಕಿನಲ್ಲಿ ಮದುವೆ ಅಡುಗೆಗೆ ಅವರದೇ ಹೆಸರಿತ್ತು. ಹನ್ನೆರಡು ವರ್ಷದ ಹಿಂದೆ ಮನೆ ಬಿಟ್ಟು ಹೋದವರು ಬಂದಿರಲಿಲ್ಲ. ಕೇಳಿದವರಿಗೆಲ್ಲ ಮನೆಯವರು ಕೊಡುತ್ತಿದ್ದ ಉತ್ತರ, ಕಾಶಿಗೆ ಹೋಗಿದ್ದಾರೆ ಎಂದು. ಕೇಳುವವರು ಮೊದಮೊದಲು ಹುಬ್ಬೇರಿಸಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಪೊಲೀಸರಿಗೆ ತಿಳಿಸಿರಲಿಲ್ಲ, ಪೇಪರಿಗೆ ಕೊಟ್ಟಿರಲಿಲ್ಲ. ಅಡುಗೆ ಭಟ್ಟರ ಮನೆಯ ಯಜಮಾನ ಯಾವುದೋ ಊರಿನ ಬೀದಿಯಲ್ಲಿ ತಿರುಗುತ್ತಿದ್ದಾನೆ ಎಂದು ಜಗತ್ತಿಗೆ ಸಾರುವುದಕ್ಕಿಂತ ಕಾಶಿ ಮರ್ಯಾದೆಯಾಗಿತ್ತು. ಅವರ ಫೋಟೋ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿತ್ತು.

ಡಿಸೆಂಬರಿನ ನಾಲ್ಕೂ ಭಾನುವಾರ ವಿಭಾ ಪತ್ರ ಹಿಡಿದು ಮೂರು ಊರು ಸುತ್ತಿದಳು. ಕುಮಟೆಯಲ್ಲಿ ಒಬ್ಬರು ಪತ್ರದಲ್ಲಿದ್ದ ಎರಡು ಕಾಗುಣಿತದ ತಪ್ಪು ತೋರಿಸಿ, ಚಹಾ ಕುಡಿಸಿ ಕಳಿಸಿದರು. ಹೊನ್ನಾವರದ ಒಬ್ಬರು, "ಸೋಮಾರಿಗಳನ್ನ ಬೆಳೆಸ್ತಾ ಇದ್ದೀರಿ ನೀವು," ಎಂದು ಅರ್ಧ ಗಂಟೆ ಭಾಷಣ ಮಾಡಿದರು; ಮಾಡುತ್ತ ಮಾಡುತ್ತ ತಾವೇ ಆಕಳಿಸಿದರು. ಹಲವರು ಕೇಳಿದ್ದು ಒಂದೇ: "ಯಾರ ನೆನಪಿಗೆ?" ಅನ್ನದಾನಕ್ಕೆ ಜನ ಚೀಲ ಬಿಚ್ಚುವುದು ಒಂದೋ ಮಗುವಿನ ಹುಟ್ಟುಹಬ್ಬಕ್ಕೆ, ಇಲ್ಲವೋ ಸತ್ತವರ ತಿಥಿಗೆ. ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ ಸಾಹೇಬರು ಮಾತ್ರ ಪತ್ರವನ್ನು ಪೂರ್ತಿ ಓದದೆ ಎರಡು ಮೂಟೆ ಅಕ್ಕಿ ಕಳಿಸಿದರು. ರಸೀದಿ ಬರೆಯಲು ಹೆಸರು ಕೇಳಿದರೆ, "ಅಕ್ಕಿಗೆ ಎಂತ ಹೆಸರಮ್ಮ," ಎಂದರು. ಆದರೆ ಅಕ್ಕಿಯಿಂದ ಇಂಜಿನ್ ಓಡುವುದಿಲ್ಲ. ಬಾಡಿಗೆ ಟೆಂಪೋಗೂ ದುಡ್ಡು ಹೊಂದದೆ ಎರಡು ಶನಿವಾರ ಗಾಡಿ ಹೊರಡಲೇ ಇಲ್ಲ. ಆ ಎರಡೂ ದಿನ ಮೂಕಾಂಬಿಕಾ ಸರಿಯಾಗಿ ಉಣ್ಣಲಿಲ್ಲ.

ಆಗ ಬಂದವನು ಗಜಾನನ, ಮಹಾಗಣಪತಿಯ ತಮ್ಮ. ಅಣ್ಣನ ಕೈಕೆಳಗೆ ತರಕಾರಿ ಹೆಚ್ಚುತ್ತ ಬೆಳೆದವನು ಈಗ ಹೊನ್ನಾವರದಲ್ಲಿ ದೊಡ್ಡ ಕೇಟರಿಂಗ್ ನಡೆಸುತ್ತಿದ್ದ. ಜಗಲಿಯಲ್ಲಿ ಕೂತು, ನೀರು ಬೆಲ್ಲ ಮುಗಿಸಿ, ನೇರ ವಿಷಯಕ್ಕೆ ಬಂದ.

"ಅತ್ತಿಗೆ, ಟೆಂಪೋ ನಾ ಕೊಡ್ತೆ. ಪಾತ್ರೆ ಕೊಡ್ತೆ. ತಿಂಗಳಿಗೆ ಎಂಟು ಮೂಟೆ ಅಕ್ಕಿ ಕಳಿಸ್ತೆ. ನಾ ಇಪ್ಪಷ್ಟು ದಿನ ಗಾಡಿ ನಿಲ್ಲುದಿಲ್ಲೆ."

ಶ್ರೀಧರನ ಮುಖ ಅರಳಿತು. ಮೂಕಾಂಬಿಕಾಳ ಮುಖ ಅರಳಲಿಲ್ಲ. "ಮತ್ತೆ?" ಎಂದಳು.

"ಗಾಡಿ ಮೇಲೆ ಅಣ್ಣಯ್ಯನ ಫೋಟೋ, ಹೆಸರು. ಸ್ಮರಣಾರ್ಥ ಹೇಳಿ ಬರ್ಸವು."

ಗಜಾನನ ಶಲ್ಯ ಸರಿಮಾಡಿಕೊಂಡ.

"ಹನ್ನೆರಡು ವರ್ಷ ಆತು. ಶಾಸ್ತ್ರದಲ್ಲಿ ಇದ್ದು. ಗೋಕರ್ಣದಲ್ಲಿ ದರ್ಭೆಯಲ್ಲಿ ಪ್ರತಿಮೆ ಮಾಡಿ ಸಂಸ್ಕಾರ ಮಾಡುವ. ಅವ ಅಲ್ಲೂ ಇಲ್ಲೆ, ಇಲ್ಲೂ ಇಲ್ಲೆ. ಹಂಗೆ ತೂಗಾಡ್ತಾ ಇಪ್ಪದು ಬೇಡ."

"ಬದುಕಿದ್ದವ್ರನ್ನ ಸುಡುಲೆ ಬಂದ್ಯಾ ನೀನು?"

"ಬದುಕಿದ್ದ ಹೇಳಿ ನಿಂಗೆ ಯಾರು ಹೇಳಿದ್ದು?"

"ಸತ್ತ ಹೇಳಿ ನಿಂಗೆ ಯಾರು ಹೇಳಿದ್ದು?"

"ಅಪ್ಪಚ್ಚಿ ಹೇಳುದ್ರಲ್ಲಿ ತಪ್ಪು ಎಂತ ಇದ್ದು ಆಯಿ?" ಎಂದು ಶ್ರೀಧರ ಚಿಕ್ಕಪ್ಪನ ಪರ ವಹಿಸಿದ. "ಮರ್ಯಾದೆಯಿಂದ ಒಂದು ಕೆಲಸ ಮುಗೀತು, ಗಾಡಿಯೂ ಬತ್ತು."

ಮೂಕಾಂಬಿಕಾ ಎದ್ದು ನಿಂತಳು. "ಮರ್ಯಾದೆಯಾ? ಅವತ್ತು ಹೊನ್ನಾವರದ ಮದುವೆ ಹಾಲ್‌ನಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅವ್ರಿಗೆ ಆಗ್ಲೇ ಮರೆವು ಶುರು ಆಗಿತ್ತು. ನಾಕು ಜನರ ಎದುರಿಗೆ 'ಕೈಲಾಗದಿದ್ರೆ ಮನಿಗೆ ನಡಿ' ಹೇಳಿ ಕಳಿಸಿದ್ದು ಯಾರು ಗಜಾನನ?"

ಗಜಾನನ ತಲೆ ತಗ್ಗಿಸಿದ. "ನಾನು," ಎಂದ. "ಅದಕ್ಕೇ ಅಲ್ದಾ ಅತ್ತಿಗೆ, ಇಷ್ಟಾದರೂ ಮಾಡ್ತೆ ಹೇಳುದು? ನಂಗೂ ನಿದ್ರೆ ಬತ್ತಿಲ್ಲೆ." ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡ. "ನಾ ಹಾಲ್‌ನಿಂದ ಕಳಿಸಿದೆ, ಖರೆ. ಆದ್ರೆ ಅವ ಸೀದಾ ಮನಿಗೆ ಬಂದಿದ್ದ. ಮನೆಯಿಂದ ಎಂತಕ್ಕೆ ಹೋದ?"

ಆ ಪ್ರಶ್ನೆಯನ್ನು ಹನ್ನೆರಡು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ಮೂಕಾಂಬಿಕಾ ಗೋಡೆ ಹಿಡಿದುಕೊಂಡು ಮತ್ತೆ ಕೂತಳು.

"ನಾ ಉಂಬುಲೆ ಕರದ್ದಿಲ್ಲೆ," ಎಂದಳು.

"ಎಂತ?"

"ಮಧ್ಯಾಹ್ನ ಎರಡೂವರೆಗೆ ಬಂದ್ರು. ಕೈಕಾಲು ತೊಳ್ಕಂಡು ಇದೇ ಜಗಲಿಯಲ್ಲಿ ಕೂತ್ರು. ನಂಗೆ ಸಿಟ್ಟು ಬಂದಿತ್ತು. ಇನ್ನು ಯಾರು ಕೆಲಸಕ್ಕೆ ಕರೀತ, ಮನೆ ಹೆಂಗೆ ನಡೀತು ಹೇಳಿ. ಅನ್ನ ಒಲೆ ಮೇಲೆ ಇತ್ತು. ನಾ ಕರದ್ದಿಲ್ಲೆ. ಅವ್ರು ಕರೆಯದೇ ಎಲೆ ಮುಂದೆ ಕೂತವ್ರಲ್ಲ. ನಾಕು ಗಂಟೆವರೆಗೆ ಕಾದ್ರು. ಆಮೇಲೆ ನೋಡಿರೆ ಜಗಲಿ ಖಾಲಿ ಇತ್ತು. ಭಟ್ಕಳದ ಬಸ್ಸು ಹತ್ತಿದ್ದು ಕಂಡೆ ಹೇಳಿ ಪಕ್ಕದ್ಮನೆ ಮಾದೇವ ಹೇಳಿದ."

ಅದು ಅಡುಗೆಯವರ ರೀತಿ. ಐನೂರು ಜನರಿಗೆ ಬೇಯಿಸಿದವನು ಎಲ್ಲರ ಊಟವಾದ ಮೇಲೆ ಬೆವರು ಒರೆಸಿಕೊಂಡು ಮೂಲೆಯಲ್ಲಿ ಕೂತಿರುತ್ತಾನೆ. ಮನೆಯ ಹೆಂಗಸು ಬಂದು 'ಊಟಕ್ಕೆ ಏಳಿ' ಎನ್ನುವವರೆಗೆ ತಾನೇ ಮಾಡಿದ ಅನ್ನವನ್ನು ಮುಟ್ಟುವುದಿಲ್ಲ. ಮಹಾಗಣಪತಿ ಆ ರೀತಿಯನ್ನು ಸ್ವಂತ ಮನೆಯಲ್ಲೂ ಬಿಟ್ಟವರಲ್ಲ. ಹೆಂಡತಿ ಕರೆದರೆ ಊಟ, ಇಲ್ಲದಿದ್ದರೆ ಇಲ್ಲ. 'ಅದು ಕರದ್ರೆ ಊಟ' ಎಂದು ಹೆಂಡತಿಯತ್ತ ಕೈ ತೋರಿಸಿ ಅವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಚರಿಗೆಯ ತಳದ ಅನ್ನ ಯಾರದು, ಶನಿವಾರ ಯಾರ ವಾರ ಎಂಬುದು ವಿಭಾಳಿಗೆ ಆ ಹೊತ್ತು ತಿಳಿಯಿತು. ಅವಳು ಅತ್ತೆಯ ಪಕ್ಕದಲ್ಲಿ ಹೋಗಿ ಕೂತಳು. "ಕಾಫಿ ಮಾಡ್ಲಾ ಅತ್ತೆ?" ಎಂದಳು.

ಮೂಕಾಂಬಿಕಾ ಹೂಂ ಎನ್ನದೆ ಗಜಾನನ ಹಿಂದಿರುಗಿದ ಮೇಲೆ ಹದಿನೈದು ದಿನ ಊಟದ ಗಾಡಿ ಎಲ್ಲಿಗೂ ಹೊರಡಲಿಲ್ಲ. ರಿಕ್ಷಾ ಗ್ಯಾರೇಜಿನಲ್ಲೇ ಇತ್ತು. ಶ್ರೀಧರ ಬೇರೆಯವರ ಗಾಡಿಗೆ ಡ್ರೈವರನಾಗಿ ಹೋಗತೊಡಗಿದ. ಒಂದು ಸೋಮವಾರ ಮೂಕಾಂಬಿಕಾ ಕುಮಟೆಯ ಸಂತೆ ಪೇಟೆಯಿಂದ ತೊಂಡೆಕಾಯಿ ತರುವಾಗ, ಅವಳ ಸಾಲಿನಲ್ಲಿ ಪ್ರತಿ ಸೋಮವಾರ ನಿಲ್ಲುತ್ತಿದ್ದ ಮುದುಕಿ ಸಣ್ಣಿ ಕೈ ಹಿಡಿದು ಕೇಳಿದಳು: "ನಮ್ ಮೇಲೆ ಸಿಟ್ಟಾತ ಅಮ್ಮ? ಗಾಡಿ ಯಾಕೆ ಬರೂದಿಲ್ಲ?" ಮೂಕಾಂಬಿಕಾ ತೊಂಡೆಕಾಯಿಯ ಚೀಲವನ್ನೇ ಅವಳ ಕೈಗೆ ಕೊಟ್ಟು ಬಂದಳು. ಬಂದವಳು ಚಪ್ಪಲಿ ಬಿಡುತ್ತಲೇ, "ಶ್ರೀಧರ, ಅಪ್ಪಚ್ಚಿಗೆ ಫೋನ್ ಮಾಡು. ಆತು ಹೇಳು," ಎಂದಳು.

"ಆಯಿ, ಖರೆ ಹೇಳ್ತ್ಯಾ?"

"ಒಬ್ಬರಿಗೆ ಇಟ್ಟ ಅನ್ನಕ್ಕೆ ತೊಂಬತ್ತು ಜನ ಉಪಾಸ ಬೀಳುದು ಬೇಡ." ಹೇಳಿ ಒಳಗೆ ಹೋಗಿ ಕಪಾಟಿನ ಬಾಗಿಲು ತೆಗೆದಳು.

ಗೋಕರ್ಣದಲ್ಲಿ ದರ್ಭೆಯನ್ನು ಕಟ್ಟಿ ಮನುಷ್ಯನ ಆಕಾರ ಮಾಡಿದರು. ತಲೆಗೆ ತೆಂಗಿನಕಾಯಿ ಇಟ್ಟರು. ಶ್ರೀಧರ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ಗಜಾನನ ಮಗುವಿನಂತೆ ಬಿಕ್ಕುತ್ತಿದ್ದ. ಮೂಕಾಂಬಿಕಾ ಮಾತ್ರ ದೂರದಲ್ಲಿ ಕೂತು ನೋಡುತ್ತಿದ್ದವಳು ಒಮ್ಮೆ ಕೇಳಿದಳು:

"ಭಟ್ರೇ, ಹೊಟ್ಟೆಗೆ ಎಂತ ಇಡ್ತ್ರಿ?"

ಪುರೋಹಿತರು ತಡೆದು ಅವಳ ಮುಖ ನೋಡಿದರು. "ಹೊಟ್ಟೆಗೂ ದರ್ಭೆಯೇ ಅಮ್ಮ," ಎಂದರು.

ಅವಳು ತಲೆಯಾಡಿಸಿದಳು. ಬೆಂಕಿ ಹತ್ತಿ ಉರಿಯಲು ಬಹಳ ಹೊತ್ತು ಬೇಕಾಗಲಿಲ್ಲ, ಒಣಹುಲ್ಲು ತಾನೆ. ಮನೆಗೆ ಬಂದ ಮೇಲೆ ಯಾರೂ ಹೇಳುವ ಮೊದಲೇ ಅವಳು ಕುಂಕುಮದ ಕರಡಿಗೆಯನ್ನು ವಿಭಾಳ ಕೈಗಿಟ್ಟಳು. "ಇವೆಲ್ಲ ಈಗ ಯಾರೂ ಮಾಡ್ತ್ವಿಲ್ಲೆ ಅತ್ತೆ, ಬೇಡ," ಎಂದು ವಿಭಾ ಅತ್ತಳು. "ಹೌದು ಹೇಳಿ ಒಪ್ಪಿದ ಮೇಲೆ ಅರ್ಧ ಒಪ್ಪುಲಾಗ್ತಿಲ್ಲೆ ಮಗಾ," ಎಂದಳು ಮೂಕಾಂಬಿಕಾ.

ಹೊಸ ಟೆಂಪೋ ಬಿಳಿ ಬಣ್ಣದ್ದು. ಮಗ್ಗುಲಲ್ಲಿ ಮಹಾಗಣಪತಿ ಭಟ್ಟರ ದೊಡ್ಡ ಫೋಟೋ, ಹೆಗಲ ಮೇಲೆ ಅಡುಗೆಯ ಪಂಚೆ, ಮುಖದಲ್ಲಿ ನಗು. ಕೆಳಗೆ ಸ್ಮರಣಾರ್ಥ ಎಂಬ ಕೆಂಪು ಅಕ್ಷರ. ಮೊದಲ ಶನಿವಾರ ವಿಭಾ ರಜೆ ಹಾಕಿ ಜೊತೆಗೆ ಬಂದಳು. ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಂತದ್ದೇ ಜನ ಸೇರಿದರು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎನ್ನುತ್ತಾರೆ. ಮೂಕಾಂಬಿಕಾ ಎರಡೂ ತಾನೇ ಆಗಿ ಬೆವರುತ್ತಿದ್ದಳು. ಸಾಲು ಕರಗುತ್ತ ಬಂತು. ತಿಮ್ಮಿ ಕೊನೆಗೆ ಬಂದಳು. ತಟ್ಟೆ ಚಾಚದೆ ಗಾಡಿಯ ಮಗ್ಗುಲನ್ನೇ ನೋಡುತ್ತ ನಿಂತಳು.

"ಅಮ್ಮ, ಇದು ನಮ್ ಭಟ್ರಲ್ದಾ?"

ಮೂಕಾಂಬಿಕಾಳ ಕೈಯ ಸೌಟು ನಿಂತಿತು. "ಯಾವ ಭಟ್ರು?"

"ಇಲ್ಲೇ ಇದ್ರಲ್ಲ. ನಾ ಹೂವಿಗೆ ಕೂರೂಕೆ ಶುರು ಮಾಡಿ ಎಂಟು ವರ್ಷ ಆತು, ಅದ್ಕಿಂತ ಮೊದ್ಲಿಂದ್ಲೂ ಇದ್ರು. ಮೊದ್ಲು ಹೋಟ್ಲಲ್ಲಿ ತರಕಾರಿ ಹೆಚ್ಚಿ ಕೊಡ್ತಿದ್ರಂತೆ. ಆಮೇಲೆ ಅದೂ ಮರ್ತ್ಹೋಯ್ತು. ಊರು ಯಾವ್ದು ಅಂದ್ರೆ ನಗ್ತಿದ್ರು. ಫೋಟೋದಲ್ಲಿ ಗಡ್ಡ ಇಲ್ಲ, ಆದ್ರೆ ನಗು ಇದೇ."

"ಈಗ ಎಲ್ಲಿದ್ದ?" ಎಂದು ಶ್ರೀಧರ ಕೂಗಿದ.

ತಿಮ್ಮಿ ಅವರ ಮುಖಗಳನ್ನು ನೋಡಿದಳು. ಅವಳಿಗೆ ಆಗ ಅರ್ಥವಾಯಿತು, ತಟ್ಟೆ ಕೆಳಗಿಟ್ಟಳು. "ಕಳೆದ ಶ್ರಾವಣದಲ್ಲಿ ಜ್ವರ ಬಂತು ಒಡೆಯಾ. ಆಸ್ಪತ್ರೆಗೆ ಹೋದ ಮೂರನೇ ದಿನ ತೀರ್ಕಂಡ್ರು. ಯಾರೂ ಇಲ್ಲ ಅಂತ ಆಸ್ಪತ್ರೆಯವ್ರೇ ಮಣ್ಣು ಮಾಡಿದ್ರು. ನಾ ಒಂದು ಮೊಳ ಹೂ ಹಾಕಿ ಬಂದೆ."

"ನಮ್ಮ ಗಾಡಿ ಬಪ್ಪಾಗ..." ಮೂಕಾಂಬಿಕಾ ಸೌಟನ್ನು ಚರಿಗೆಗೆ ಒರಗಿಸಿದಳು.

"ನಿಮ್ ಗಾಡಿ ಬಂದ್ರೆ ಎದ್ ಕೂರ್ತಿದ್ರು ಅಮ್ಮ. ಆ ಕಂಬದ ಹಿಂದೆ. ಅಲ್ಲಿಂದ ನಿಮ್ ಕೈನೇ ನೋಡ್ತಿದ್ರು. ಹೋಗಿ ಉಣ್ಣಿ ಭಟ್ರೆ ಅಂದ್ರೆ, 'ಅದು ಕರೀಲಿ, ಹೋಗ್ತೆ' ಅಂತಿದ್ರು. ಯಾರು ಕರೀಬೇಕು ಅಂತ ನಂಗೆ ಎಂತ ಗೊತ್ತು? ತಲೆ ಸಮ ಇಲ್ಲ ಅಂದ್ಕಂಡೆ. ಅದ್ಕೇ ನಾ ಎರಡು ತಟ್ಟೆ ಕೇಳ್ತಿದ್ದದ್ದು."

ವಿಭಾ ಬಾಯಿಗೆ ಸೆರಗು ಒತ್ತಿಕೊಂಡಳು. "ಒಂದೇ ತಟ್ಟೆ ಹೇಳಿ ನಾ ನಿಯಮ ಮಾಡಿದ ಮೇಲೆ?"

"ಅರ್ಧ ಅವ್ರಿಗೆ, ಅರ್ಧ ನಂಗೆ," ಎಂದಳು ತಿಮ್ಮಿ, ತಪ್ಪು ತನ್ನದೇ ಎಂಬಂತೆ.

ಹನ್ನೆರಡು ವರ್ಷ ಅವಳು ಕಾದ ಮನುಷ್ಯ ಅವಳ ಸೌಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. ಫೋಟೋ ಒಂದನ್ನು ಯಾರಿಗಾದರೂ ತೋರಿಸಿದ್ದರೆ ಸಾಕಾಗಿತ್ತು. ಮರ್ಯಾದೆಗೆ ಅಂಜಿ ಅವನನ್ನು ಕಾಶಿಗೆ ಕಳಿಸಿದ ಮನೆಯವರು ಅವನಿಗೆ ಪ್ರತಿ ಸಲವೂ ಅನ್ನ ತೆಗೆದಿಡುತ್ತಿದ್ದರು, ಕರೆಯುತ್ತಿರಲಿಲ್ಲ. ಶ್ರೀಧರ ಗಾಡಿಯ ಚಕ್ರಕ್ಕೆ ಒರಗಿ ಕೂತು ಜನರೆದುರಿಗೇ ಅತ್ತ.

ಮೂಕಾಂಬಿಕಾ ಅಳಲಿಲ್ಲ. ತಿಮ್ಮಿಯತ್ತ ತಿರುಗಿ ಕೇಳಿದಳು: "ಉಂಬಾಗ ಎಂತಾರೂ ಹೇಳ್ತಿದ್ರಾ ತಿಮ್ಮಿ?"

"ಒಂದೇ ಮಾತು ಅಮ್ಮ. ಪ್ರತಿ ಸಲ. 'ಉಪ್ಪು ಸರಿ ಇದ್ದು.'"

ಅವಳು ತಿಮ್ಮಿಯ ತಟ್ಟೆಯನ್ನು ಎತ್ತಿ ಅನ್ನ ಹುಳಿ ಬಡಿಸಿ ಕೈಗಿಟ್ಟಳು. ಆಮೇಲೆ ಚರಿಗೆಯ ತಳಕ್ಕೆ ಸಟ್ಟುಗ ಹಾಕಿ ಉಳಿದಿದ್ದ ಅಷ್ಟೂ ಅನ್ನವನ್ನು ಇನ್ನೊಂದು ತಟ್ಟೆಗೆ ತೆಗೆದಳು. ಹುಳಿ, ಪಲ್ಯ, ಮಜ್ಜಿಗೆ ಎಲ್ಲವನ್ನೂ ಅದದರ ಜಾಗದಲ್ಲಿ ಬಡಿಸಿ ಕಂಬದ ಹಿಂದೆ ಹೋದಳು. ಸೆರಗಿನಿಂದ ನೆಲ ಒರೆಸಿ ತಟ್ಟೆ ಇಟ್ಟಳು. ಎದ್ದು ನಿಂತು, ಮದುವೆ ಮನೆಯ ಪಂಕ್ತಿಗೆ ಕೇಳುವಷ್ಟು ಗಟ್ಟಿಯಾಗಿ ಕರೆದಳು:

"ಊಟಕ್ಕೆ ಏಳಿ! ಬನ್ನಿ, ಅನ್ನ ತಣಿತು!"

ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಇನ್ನೊಮ್ಮೆ ಕರೆದಳು. ಆಗ ತಡವಾಗಿ ಬಂದು, ಊಟ ಮುಗಿಯಿತೆಂದು ಗೋಡೆ ಬದಿಯಲ್ಲಿ ನಿಂತಿದ್ದ ಒಬ್ಬ ಕೂಲಿ ಮುದುಕ, ಕರೆದದ್ದು ತನ್ನನ್ನೇ ಎಂದುಕೊಂಡು ಕುಂಟುತ್ತ ಬಂದು ತಟ್ಟೆಯ ಮುಂದೆ ಕೂತುಬಿಟ್ಟ. ಶ್ರೀಧರ ತಡೆಯಲೆಂದು ಎದ್ದ. ವಿಭಾ ಅವನ ತೋಳು ಹಿಡಿದಳು.

ಮೂಕಾಂಬಿಕಾ ಆ ಮುದುಕನ ಎದುರಿಗೆ ಕೂತಳು. ಅವನು ತಲೆ ಎತ್ತದೆ ಗಬಗಬನೆ ಉಂಡ. ಅರ್ಧ ಉಂಡಾಗ ಅವಳು ಮೆಲ್ಲಗೆ ಕೇಳಿದಳು.

"ಉಪ್ಪು ಸರಿ ಇದ್ದಾ?"

ಬಾಯಿ ತುಂಬ ಅನ್ನವಿದ್ದ ಮುದುಕ ಹೌದೆಂದು ತಲೆಯಾಡಿಸಿದ. ಆಗ ಅವಳಿಗೆ ಅಳು ಬಂತು. ಅವನು ಉಂಡು ಏಳುವವರೆಗೂ ಅಲ್ಲೇ ಕೂತು ಅತ್ತಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ನಾಲ್ಕು ವರ್ಷದಲ್ಲಿ ಮೊದಲ ಸಲ, ಅನ್ನದ ಚರಿಗೆಯನ್ನು ಅಲ್ಲಿಯೇ ತೊಳೆದು ಬೋರಲು ಹಾಕಿದಳು.